ಕಡಲಿಗೆ ಹೋದ ನಾಲ್ಕು ಅಂಕಿ

ಈ ತಿಂಗಳ ವರದಿಯಲ್ಲಿ ಒಂದು ಕಾಲಮ್ಮು ಖಾಲಿ.
ಖಾಲಿ ಬಿಟ್ಟರೆ ಪುಟ ಮುಂದಕ್ಕೆ ಹೋಗುವುದಿಲ್ಲ,
ಸಣ್ಣ ಚಕ್ರವೊಂದು ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ,
ಮಲ್ಪೆಯ ಗಾಳಿ ನೆಟ್‌ವರ್ಕನ್ನು ಬಿಟ್ಟುಕೊಟ್ಟಷ್ಟು ಹೊತ್ತು.

ಹೆಸರು ಗಾಳೆಮ್ಮ. ಎರಡು ವರ್ಷ ಏಳು ತಿಂಗಳು.
ಊರು ಕುಷ್ಟಗಿ ಕಡೆ; ಈಗ ಕೊಳದ ಲೈನ್ ಮನೆ, ಕೊನೆಯ ಬಾಗಿಲು.
ತೊಲೆಗೆ ತೂಗುಬಿಟ್ಟ ತಕ್ಕಡಿಯ ಚೀಲದಲ್ಲಿ ಕೂರಿಸಿದರೆ
ಉಳಿದವರಂತೆ ಅಳುವುದಿಲ್ಲ,
ಉಯ್ಯಾಲೆ ಎಂದುಕೊಂಡು ಕಾಲು ಬೀಸುತ್ತಾಳೆ.
ಮುಳ್ಳು ನಿಲ್ಲುವುದೇ ಇಲ್ಲ ಮಾರಾಯ್ರೆ!
ಬೇಬಿಯಕ್ಕ ಅವಳ ಪಾದ ಹಿಡಿದು, ನಾನು ಉಸಿರು ಹಿಡಿದು,
ಕಡೆಗೆ ಒಂಬತ್ತು ಕಿಲೋ ನಾನ್ನೂರು.
ಚುಕ್ಕೆ ಹಳದಿಯಲ್ಲಿ ಬಿತ್ತು,
ಕೆಂಪಿಗಿಂತ ಒಂದು ಬೆರಳಿನಷ್ಟು ಮೇಲೆ.

ಹಳದಿಗೆ ಮನೆಭೇಟಿ ಇದೆ, ತಾಯಿಗೆ ತಿಳಿವಳಿಕೆ ಇದೆ,
ಪೌಷ್ಟಿಕ ಹಿಟ್ಟಿನ ಪೊಟ್ಟಣ ಇದೆ.
ಪೊಟ್ಟಣ ಕಪಾಟಿನಲ್ಲಿ, ಬೀಗದ ಕೈ ನನ್ನ ಸೆರಗಿನಲ್ಲಿ.
ಕೊಡುವ ಮೊದಲು ತಾಯಿಯ ಮುಖ ಬೇಕು ಅನ್ನುತ್ತದೆ ಫೋನು.

ಹುಲಿಗೆವ್ವ ಮುಖ ಕೊಟ್ಟಳು.
ನಸುಕಿನ ಮೂರಕ್ಕೇ ಸಿಗಡಿ ಸುಲಿಯಲು ಕೂತವಳು,
ಐಸಿನ ನೀರಿಗೆ ಬೆರಳೆಲ್ಲ ಬಿಳಿಚಿ ನಿರಿಗೆಗಟ್ಟಿವೆ.
ರೆಪ್ಪೆ ಬಡಿಯಿರಿ ಎಂದಿತು. ಬಡಿದಳು.
ಇನ್ನೊಮ್ಮೆ ಎಂದಿತು.
ಮುಚ್ಚಿದ ರೆಪ್ಪೆ ತೆರೆಯಲೇ ಇಲ್ಲ:
ನಿಂತಲ್ಲೇ ಅರ್ಧ ನಿಮಿಷ ನಿದ್ದೆ.
ನಾನು ಎಬ್ಬಿಸಲಿಲ್ಲ. ಫೋನಿಗೂ ಕಾಯಲು ಬರಲಿ.

ಆಮೇಲೆ, ನಾಲ್ಕು ಅಂಕಿ ಕಳಿಸಿದ್ದೇನೆ, ಹೇಳಿ, ಎಂದಿತು.
‘ಫೋನು ಅವನತ್ರ ಐತ್ರಿ ಟೀಚರ್.
ಅಂವ ನೀರಾಗ ಅದಾನ.’

ಯಮನೂರ ಹೋಗಿ ಐದು ದಿನ.
ಬೋಟು ಕಾರವಾರಕ್ಕೆ ಈಚೆಯೋ ಆಚೆಯೋ,
ಯಾವ ಟವರಿನ ಕೈಯೂ ಎಟುಕದ ನೀರಿನಲ್ಲಿ.
ಅಲ್ಲಿ ಎಲ್ಲೋ ಸುತ್ತುತ್ತಿರಬೇಕು ನಾಲ್ಕು ಅಂಕಿ,
ಬಲೆ ಎಳೆಯುವ ಒಬ್ಬ ಗಂಡಸಿನ ಅಂಗಿಯ ಜೇಬು ಹುಡುಕುತ್ತ,
ಹತ್ತು ನಿಮಿಷದ ಆಯುಸ್ಸು ಹೊತ್ತುಕೊಂಡು.

ಮೇಲ್ವಿಚಾರಕಿ ಮೇಡಂ ಮಾಡಿದ ಕರೆ:
ನಿಮ್ಮ ಕೇಂದ್ರ ತೊಂಬತ್ತಾರರಲ್ಲಿ ನಿಂತಿದೆಯಲ್ಲ,
ಇಪ್ಪತ್ತೇಳರಲ್ಲಿ ಒಂದು ತಾನೇ,
ಸಂಜೆಯೊಳಗೆ ನೂರು ಮಾಡಿ.
ಅವರಿಗೂ ಮೇಲಿನವರೊಬ್ಬರು ಕರೆ ಮಾಡಿರುತ್ತಾರೆ,
ದನಿಯಲ್ಲೇ ಗೊತ್ತಾಗುತ್ತದೆ.

ಕಾರಣ ಆರಿಸಿ, ಎಂದಿತು ಪಟ್ಟಿ.
ಊರು ಬಿಟ್ಟರು.
ತೀರಿಕೊಂಡರು.
ಬೇಡವೆಂದರು.
‘ನೀರಾಗ ಅದಾನ’ ಅದರಲ್ಲಿಲ್ಲ.
ಬೇಡವೆಂದರು ಒತ್ತಿದರೆ ನೂರಾಗುತ್ತದೆ.
ಸುಳ್ಳು ಹೇಳುವುದಿಲ್ಲ,
ಬೆರಳು ಅಲ್ಲಿಯ ತನಕ ಹೋಗಿತ್ತು.

ಬಾಗಿಲಲ್ಲಿ ಹುಲಿಗೆವ್ವ, ಕಂಕುಳಲ್ಲಿ ಮಗು,
ಬೇಕು ಎಂದು ಬಾಯಿಬಿಟ್ಟು ಹೇಳದೆ ನಿಂತವಳು.

ರದ್ದಾದ ಹಳೆಯ ರಟ್ಟಿನ ಪುಸ್ತಕ ತೆಗೆದೆ.
ಗೆರೆ ಎಳೆದೆ. ಹೆಬ್ಬೆಟ್ಟು ಒತ್ತಿಸಿದೆ.
ನೆನೆದ ಹೆಬ್ಬೆಟ್ಟು, ಗೆರೆ ಮೂಡಲಿಲ್ಲ,
ಒಂದು ನೀಲಿ ಕಲೆ ಅಷ್ಟೆ.
ಪೊಟ್ಟಣ ಕೊಟ್ಟೆ.
ಬೇಬಿಯಕ್ಕ ನೋಡಿಯೂ ನೋಡದವಳಂತೆ
ಪಾತ್ರೆ ತೊಳೆಯುವ ಸದ್ದು ಜೋರು ಮಾಡಿದಳು.

ಮೂರನೆಯ ದಿನ ಯಮನೂರ ಬಂದ,
ಡೀಸೆಲ್ ವಾಸನೆ, ಕೈಯಲ್ಲಿ ಪ್ಲಾಸ್ಟಿಕ್ ಕೊಟ್ಟೆ, ಒಳಗೆ ನಾಲ್ಕು ಬಂಗುಡೆ.
ಧಕ್ಕೆ ಮುಟ್ಟುವ ಮೊದಲೇ ಫೋನು ಏಳು ಸಲ ಕೂಗಿತಂತೆ,
ಯಾರೋ ಹೋಗಿಬಿಟ್ಟರು ಎಂದು ಎದೆ ನೀರಾಯಿತಂತೆ.
ಹೊಸ್ತಿಲ ಹೊರಗೇ ನಿಂತು ಓದತೊಡಗಿದ,
ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ:
ಏಳು, ಎರಡು, ಸೊನ್ನೆ, ಒಂಬತ್ತು.
ಅವಧಿ ಮುಗಿದಿದೆ ಎಂದು ಹೇಗೆ ಹೇಳಲಿ?
ಒಳಗಿನಿಂದ ಮಕ್ಕಳು ಹೇಳಿದವು:
ಏಳು! ಎರಡು! ಸೊನ್ನೆ! ಒಂಬತ್ತು!
ಏಳೂ ಸಂಖ್ಯೆಗಳು ಮುಗಿಯುವ ತನಕ ಬಿಡಲಿಲ್ಲ.

ವರದಿ ತೊಂಬತ್ತಾರಕ್ಕೇ ಹೋಯಿತು ಮೇಡಂ.
ದಿನದ ಕಲಿಕೆ ಎಂಬ ಜಾಗದಲ್ಲಿ
ಅಂಕಿಗಳ ಪರಿಚಯ ಎಂದು ಬರೆದಿದ್ದೇನೆ.
ಗಾಳೆಮ್ಮ ಮಾತ್ರ ಪ್ರತಿ ಸಲವೂ
ಸೊನ್ನೆ ಬಂದಾಗ ಮೊಟ್ಟೆ ಎಂದಳು.
ತಿದ್ದಲು ಹೋಗಲಿಲ್ಲ.