ವಸೂಲಿ ಸಾಹೇಬ

ಡಾಕ್ಟರು ಕಲಬುರ್ಗಿ ಬಿಟ್ಟು ವರ್ಗ ಆಗಿ ಹೋಗಬೇಕಾದ್ರ
ಮೂರು ತಿಂಗಳ ಊಟದ ಬಾಕಿಗೆ
ಮೀನಿನ ಪೆಟ್ಟಿಗಿ ಬಿಟ್ಟು ಹೋದರು.
ಅಣವೀರಪ್ಪ ಮಾಲಕರು ಅದನ್ನ ಗಲ್ಲಾದ ಬಾಜೂಕ
ಅಡಗಿಮನಿ ಗೋಡಿಗೆ ಆನಿಸಿ ಇಟ್ಟರು.
ಐದು ಬಂಗಾರ ಬಣ್ಣದವು, ಎರಡು ಕರೀವು,
ಗಾಜಿಗೆ ಬಾಯಿ ಹಚ್ಚಿ ನಿಲ್ಲೂದೊಂದು.
ಅದಕ್ಕ ಗಿರಾಕಿಗಳು ಇಟ್ಟ ಹೆಸರು
ವಸೂಲಿ ಸಾಹೇಬ.

ಅವಕ್ಕ ಕಾಳು ಹಾಕೋ ಕೆಲಸ ನಂದು.
ತಾಟು ಒರಸೋದು, ನೀರಿನ ತಂಬಗಿ ಇಡೋದು,
ಉಳ್ಳಾಗಡ್ಡಿ ಹೆಚ್ಚೋದು, ಮ್ಯಾಲ ಇದೊಂದು.
ಲಾಡ್ಲೇಸಾ ಅಂತ ನನ್ನ ಯಾರೂ ಕರೆಯೂದಿಲ್ಲ.
ಭುಜ ತಟ್ತಾರ.

ಗಂಜಿನ ಹಮಾಲರು ಹನ್ನೆರಡಕ್ಕ ಬರ್ತಾರ,
ಮೈತುಂಬ ತೊಗರಿ ಧೂಳು.
ಮೀನು ಹನ್ನೊಂದೂವರಿಗೇ ಬರ್ತಾವ.
ಪ್ಲಾಸ್ಟಿಕ್ ಗಿಡದ ಬುಡಕ ಸುಮ್ನ ಇದ್ದವು
ಒಮ್ಮಿಗೇ ಎದ್ದು, ಗೋಡಿ ಕಡಿ ಮೂಲ್ಯಾಗ ಗುಂಪಾಗಿ
ಬಾಯಿ ತೆರೀತಾವ, ಮುಚ್ತಾವ,
ತೆರೀತಾವ.
ನಂಗ ಎಲ್ಲರೂ ಹಂಗೇ ಕಾಣಸ್ತಾರ ಬಿಡ್ರಿ.

ಗಡಿಯಾರ ಅವಕ್ಕ ಕಾಣೂದಿಲ್ಲ.
ಬಿಸಿಲು ಅಷ್ಟು ಒಳಗ ಬರೂದಿಲ್ಲ.
ಡಬ್ಬಿ ನಾ ಇನ್ನಾ ಮುಟ್ಟೇ ಇಲ್ಲ.
ಅವಕ್ಕ ಹ್ಯಾಂಗ ಗೊತ್ತು ಅಂತ ಕೇಳಿದ್ರ ಮಾಲಕರು
ತಮ್ಮ ಹೊಟ್ಟಿ ಬಡದು ತೋರಿಸಿದರು.
ನಂದೂ ಹೊಟ್ಟಿನೇ. ಅದು ದಿನಾ ಹತ್ತಕ್ಕೇ ಸುಳ್ಳು ಹೇಳ್ತದ.

ಒಂದಿನ ಪಾಚಿ ಒರಸಬೇಕಂತ
ಗಾಜಿಗೆ ಎಡಗೈ ಊರಿದೆ.
ಅಂಗೈಯಾಗ ಏನೋ ಮಿಡೀತು.
ಡಬ್ ಡಬ್ ಅನ್ನಂಗಿಲ್ಲ, ಅದು ಕಿವಿ ಇದ್ದವರ ಮಾತು.
ಚರ್ಮದ ಒಳಗಿಂದ ಯಾರೋ ಬೆರಳು ಆಡಿಸಿದಂಗ:
ನಾಕು ಸಲ, ಒಂದು ತಡ,
ಮತ್ತ ನಾಕು.
ನನ್ನ ಕೈ ಹತ್ರಾನೇ ಮೀನು ನಿಂತಿದ್ವು.

ಅಡಗಿಮನ್ಯಾಗ ಹಣಿಕಿ ಹಾಕಿದ್ರ
ಗುರುಬಸಮ್ಮ ಗೋಡಿಗೆ ಹತ್ತಿ ಕುಂತು
ರೊಟ್ಟಿ ಬಡೀಲಕತ್ತಾಳ.
ತಡ ಅಂದ್ರ ಅಕಿ ಹಿಟ್ಟು ಉದುರಿಸೋ ಹೊತ್ತು.

ಏಳು ವರ್ಷದವನಿದ್ದಾಗ ಜ್ವರ ಬಂದು ಕಿವಿ ಹೋದವು.
ಅದಕ್ಕೂ ಮೊದಲು, ಆಳಂದದಾಗ,
ಅಮ್ಮಿ ರೊಟ್ಟಿ ಬಡಿಯೋ ಸಪ್ಪಳಕ್ಕ
ಗೋಲಿ ಅಲ್ಲೇ ಚೆಲ್ಲಿ ಓಣಿಯಿಂದ ಓಡಿ ಬರ್ತಿದ್ದೆ.
ಸಪ್ಪಳ ಹೆಂಗಿತ್ತು ಅಂದ್ರ ಹೇಳಲಿಕ್ಕ ಬರೂದಿಲ್ಲ.
ಓಡಿದ್ದು ನೆನಪದ.

ಹೋದ ತಿಂಗಳ ರಸ್ತಾಕ್ಕ ಡಾಂಬರು ಹಾಕಲಿಕ್ಕ
ರೋಡ್ ರೋಲರ್ ಬಂತು.
ಒಂಬತ್ತಕ್ಕ ಮೀನು ಮೂಲಿಗೆ ಬಂದ್ವು.
ಹತ್ತಕ್ಕ ಬಂದ್ವು. ಊಟ ಮುಗಿದು
ಹಮಾಲರು ಎಲಿ ಅಡಿಕಿ ಹಾಕ್ಕೊಂಡು ಹೋದ ಮ್ಯಾಲೂ ಬಂದ್ವು.
ನಂಗ ಅವೇ ಗಡಿಯಾರ ಆಗಿದ್ವು ನೋಡ್ರಿ,
ಬಂದಾಗೊಮ್ಮಿ ಚಿಟಿಕಿ ಹಾಕಿದೆ.
ಸಂಜಿಕ ನೀರು ಅಕ್ಕಿ ತೊಳದಂಗ ಬೆಳ್ಳಗ,
ಒಂದು ಕರೀದು ಮಗ್ಗಲಾಗಿ ತೇಲ್ತಿತ್ತು.

ಮಾಲಕರ ಬಾಯಿ ಭಾಳ ಹೊತ್ತು ತೆರೀತು, ಮುಚ್ತು.
ಆ ಹೊತ್ತಿಗೆ ಕಿವಿ ಇಲ್ಲದ್ದೇ ಛಲೋ ಆಯ್ತು.
ಗುರುಬಸಮ್ಮ ಏನೂ ಅನ್ಲಿಲ್ಲ.
ಹಿಟ್ಟಿನ ಕೈಯಾಗೇ ಅದನ್ನ ಎತ್ತಿಕೊಂಡು ಹಿತ್ತಲಕ್ಕ ಹೋದಳು,
ಕರಿಬೇವಿನ ಬುಡಕ.

ಈಗ ಅವು ಎದ್ದು ಬಂದ್ರೂ ನಾ ಮೊದಲ ಕೈ ಊರ್ತೀನಿ.
ರೋಲರಿಗೆ ತಡ ಅನ್ನೂದಿಲ್ಲ,
ಲಾರಿಗೂ ಇಲ್ಲ.
ನಾಕು, ತಡ,
ಆಮ್ಯಾಲ ಡಬ್ಬಿ.

ವಸೂಲಿ ಸಾಹೇಬ ಮಾತ್ರ ಯಾವುದಕ್ಕೂ ಏಳೂದಿಲ್ಲ.
ಗೋಡಿ ಕಡಿ ಗಾಜಿಗೆ ಬಾಯಿ ಹಚ್ಚಿ ನಿಂತಾನ,
ಡಾಕ್ಟರು ಬಿಟ್ಟು ಹೋದ ದಿನದಿಂದ ಅಲ್ಲೇ.
ಬಾಕಿ ಕೇಳಲಿಕ್ಕ ನಿಂತಾನಂತ
ನಾವೆಲ್ಲಾ ನಗತಿದ್ವಿ.