ಬದಲಿ

ಸ್ಟಾಕ್ಟನ್ನಿನಲ್ಲಿ ಡಿಸೆಂಬರ್ ನಸುಕು.
ಬಾದಾಮಿ ತೋಟಗಳಿಂದೆದ್ದ ಕಾವಳ
ಗ್ಯಾರೇಜಿನ ಬಾಗಿಲ ತನಕ ಬಂದು ನಿಂತಿದೆ.
ಹೆದ್ದಾರಿ ಕೇಳಿಸುತ್ತದೆ, ಕಾಣಿಸುವುದಿಲ್ಲ.

ರೆಮಿಹಿಯಾಳ ಲಾರಿಯಡಿ ಗುಂಡಿಯಲ್ಲಿ ನಿಂತು
ತುಕ್ಕು ಹಿಡಿದ ಪಟ್ಟಿ ಬಿಚ್ಚಿದೆ.
ಎರಡೂ ತೋಳಿನ ಮೇಲೆ ಇಳಿಯಿತು ಡಬ್ಬಿ,
ನೆನೆದ ಕಂಬಳಿಯ ಭಾರ.
ಒಂದು ಕಡೆಯಿಂದ ಟಾರ್ಚು ಹಿಡಿದೆ.
ಹೊಸದಾದರೆ ಗೂಡುಗೂಡಿನಿಂದ ಬೆಳಕು ತೂರಿ
ಆಚೆ ಗೋಡೆಯ ಮೇಲೆ ಸಾವಿರ ಚುಕ್ಕಿ ಇಡುತ್ತದೆ.
ಇದರಲ್ಲಿ ಹನ್ನೆರಡೋ ಹದಿಮೂರೋ ಎಣಿಸಿದೆ.

ಗ್ಯುಮ್ರಿಯ ಶಾಲೆಯಲ್ಲಿ, ಒಲೆ ಉರಿಯದ ಒಂದು ಚಳಿಗಾಲ,
ಕೋಟು ತೊಟ್ಟೇ ಪಾಠ ಮಾಡುತ್ತಿದ್ದ ಅರ್ಷಾಲುಯ್ಸ್ ಮೇಡಂ
ಬರೆಸಿದ್ದರು: ವೇಗವರ್ಧಕ ಎಂದರೆ
ತಾನು ಬದಲಾಗದೆ ಬೇರೆಯದನ್ನು ಬದಲಾಯಿಸುವುದು.
ಹತ್ತು ಸಲ ಬರೆದಿದ್ದೆ, ಬೆರಳು ಮರಗಟ್ಟಿ.
ಮೇಡಂ, ಎಂಟು ಲಕ್ಷ ಮೈಲಿಯ ಲೆಕ್ಕ
ಆ ಪುಸ್ತಕದಲ್ಲಿ ಇರಲಿಲ್ಲ.

"ಎಷ್ಟು?" ಎಂದಳು ರೆಮಿಹಿಯಾ ಮೇಲಿನಿಂದ.
ಕಂಪನಿಯದಾದರೆ ಎಂಟು ಸಾವಿರ ಡಾಲರ್,
ಬೇರೆಯವರು ಮಾಡಿದ್ದು, ಸರ್ಕಾರದ ಮುದ್ರೆ ಇದ್ದದ್ದು,
ಮೂರು ಸಾವಿರದ ನಾನೂರು.
ಅವಳು ಡಾಲರಿನಲ್ಲಿ ಎಣಿಸುವವಳಲ್ಲ.
"ಓಕ್ಲೆಂಡ್ ಬಂದರಿಗೆ ಒಂಬತ್ತು ಲೋಡು" ಎಂದು
ಕಾಫಿ ಲೋಟದ ಅಂಚು ಕಚ್ಚಿದಳು.
ಆಮೇಲೆ ದನಿ ತಗ್ಗಿಸಿ, ಯಾರೂ ಇಲ್ಲದ ಕಡೆಯೂ ತಗ್ಗಿಸಿ:
"ಒಳಗಿನದನ್ನು ಕುಟ್ಟಿ ತೆಗೆದುಬಿಡು, ಹೊವ್ಸೆಪ್.
ಡಬ್ಬಿ ಹಾಗೇ ಇರಲಿ. ಹೊರಗಿನದನ್ನೇ ತಾನೆ ನೋಡೋದು?"

ಒಮ್ಮೆ ಮಾಡಿದ್ದೇನೆ. ಅವಳಿಗೆ ಹೇಳಲಿಲ್ಲ.
ಒಣಗಿದ ಲವಾಷ್ ರೊಟ್ಟಿ ಮುರಿದ ಹಾಗೆ
ಪದರು ಪದರಾಗಿ ಉದುರಿತ್ತು ಬಕೆಟ್ಟಿಗೆ.
ಆ ಲಾರಿ ಈಗಲೂ ಚಾರ್ಟರ್ ವೇಯಲ್ಲಿ ಓಡಾಡುತ್ತದೆ.
ಅದರ ಹಿಂದೆ ಸಿಕ್ಕಿಕೊಂಡಾಗ
ಕಿಟಕಿ ಗಾಜು ಏರಿಸಿಕೊಳ್ಳುವವನು ನಾನೇ.

"ಇದು ತಾನಾಗಿ ಸಾಯೋದಿಲ್ಲ," ಅಂದೆ, ಬೇರೆ ಮಾತು ತೆಗೆದು,
"ಮೇಲಿನವರು ಕೊಲ್ಲುತ್ತಾರೆ.
ನಿನ್ನ ನಾಲ್ಕನೇ ಇಂಜೆಕ್ಟರ್ ಸೋರುತ್ತಿದೆ,
ಇಂಜಿನ್ನು ಎಣ್ಣೆ ಕುಡಿಯುತ್ತಿದೆ.
ಅದನ್ನು ಸರಿಮಾಡದೆ ಹೊಸದು ಹಾಕಿದರೆ
ಅದಕ್ಕೂ ಇದೇ ಗತಿ."
"ಮೇಲಿನವರು!" ಎಂದು ನಕ್ಕಳು,
ಹದಿನಾರು ವರ್ಷ ಟೊಮೆಟೊ ಕಾರ್ಖಾನೆಯ
ಬೆಲ್ಟಿನ ಮುಂದೆ ನಿಂತವಳು.
ನಕ್ಕದ್ದೇ ಕೆಮ್ಮಾಯಿತು. ಕೆಮ್ಮು ಮುಗಿಯುವ ತನಕ
ನಾನು ಸ್ಪ್ಯಾನರ್ ಒರೆಸಿದೆ, ಒರೆಸಿದ್ದನ್ನೇ.
"ಎರಡು ಕಂತು," ಎಂದಳು.
"ಮೂರು ಮಾಡು," ಅಂದೆ.

ಮಧ್ಯಾಹ್ನ ಗುಜರಿಯವನು ಬಂದು ಹಳೆಯದನ್ನು ತೂಗಿದ.
ಸತ್ತ ಮೇಲೂ ಒಳಗೆ ಒಂದಿಷ್ಟು ಪ್ಲಾಟಿನಂ ಉಳಿದಿರುತ್ತದೆ;
ಅವನು ಕೊಟ್ಟ ಇನ್ನೂರ ಎಂಬತ್ತನ್ನು
ಅವಳ ಲೆಕ್ಕಕ್ಕೇ ಬರೆದೆ.

ಸಂಜೆ ಇಂಜಿನ್ ಗುಡುಗಿತು.
ಬೆಂಕಿಯಿಲ್ಲದೆ ಹೊಗೆಯಾಡದು, ಸರಿ.
ಹೊಗೆಯಾಡದೆ ಬೆಂಕಿ ಉರಿಯುವುದನ್ನು ಕಾಣಬೇಕೆಂದರೆ
ಕೊಳವೆಯ ಬಾಯಿಗೆ ಕರವಸ್ತ್ರ ಒಡ್ಡಬೇಕು.
ಒಡ್ಡಿದೆ, ನನ್ನದೇ, ಇಸ್ತ್ರಿ ಮಾಡಿದ್ದು.
ಹತ್ತು ನಿಮಿಷ.
ತೆಗೆದಾಗ ಬೆಚ್ಚಗಿತ್ತು, ಕೊಂಚ ಒದ್ದೆ, ಬೆಳ್ಳಗೇ.
ರೆಮಿಹಿಯಾ ಕಿತ್ತುಕೊಂಡು ನೋಡಿದಳು, ಮೂಸಿದಳು,
ಮೂಗು ಸೀಟಿ ಜೇಬಿಗೆ ತುರುಕಿಕೊಂಡು
ಕಾವಳದೊಳಕ್ಕೆ ಲಾರಿ ಬಿಟ್ಟಳು.