ಟೋಕನ್ ಇಪ್ಪತ್ತೇಳು

ಅರೇಬಿಯನ್ ಸ್ಕ್ವೇರಿನ ಬಾಗಿಲ ಬಲಕ್ಕೆ
ಚೀಲ ಇಡಿಸಿಕೊಳ್ಳುವ ಕಟ್ಟೆ ನನ್ನದು.
ನಲವತ್ತು ಗೂಡು, ನಲವತ್ತು ಹಿತ್ತಾಳೆ ಬಿಲ್ಲೆ.
ಎದೆಯ ಪಟ್ಟಿಯಲ್ಲಿ ರೇಷ್ಮಾ ಎಂದಷ್ಟೇ ಇದೆ,
ತಾಂಡೇಲ ಬರೆಯಲು ಜಾಗ ಸಾಲಲಿಲ್ಲವಂತೆ.

ಏನೇನು ಇಟ್ಟು ಹೋಗುತ್ತಾರೆ ಜನ!
ಹೆಲ್ಮೆಟ್ಟು, ಹಸಿ ಛತ್ರಿ,
ಕುಮಟೆಯ ಬಸ್ಸಿಳಿದವರ ಜಡೆ ಹೆಣೆದ ಈರುಳ್ಳಿ.
ಒಬ್ಬಾತ ಅತ್ತೆಯ ಊರುಗೋಲನ್ನೇ ಇಟ್ಟ,
ಒಳಗೆ ಮೆಟ್ಟಿಲೇ ಹೊತ್ತೊಯ್ಯುತ್ತದಲ್ಲ ಎಂದ.
ಗೋವಾ ನಂಬರಿನ ಕಾರಿನವರು ಮಾತ್ರ
ಕೈ ಬೀಸಿಕೊಂಡು ಬರುತ್ತಾರೆ, ಕೈ ತುಂಬ ಹೋಗುತ್ತಾರೆ.

ಮೊದಲ ತಿಂಗಳು ಆಯಿ ಇತ್ತ ಸುಳಿಯಲಿಲ್ಲ.
"ಆ ಗಾಜಿನೊಳಗೆ ಬಂದು ಏನು ಮಾಡ್ಲಿ,
ನಾನೇನು ಸಾಕಿದ ಮೀನಾ?"

ಏಪ್ರಿಲ್ಲಿನ ಒಂದು ಮಧ್ಯಾಹ್ನ ಬಂದಳು.
ತಲೆ ಮೇಲೆ ಬುಟ್ಟಿ, ಬಾಳೆಲೆಯ ಕೆಳಗೆ
ಮಾರದೆ ಉಳಿದ ಬಂಗಡೆ.
ನೋಡಿದ್ದು ನನ್ನನ್ನಲ್ಲ, ನನ್ನ ಬೆನ್ನ ಹಿಂದಿನ ಫಲಕ:
ಲಂಗ ತೊಟ್ಟ ಗೊಂಬೆ, ಪಕ್ಕದಲ್ಲಿ ಬಾಣ.
"ಎಷ್ಟನೇ ಮಾಳಿಗೆ?"
ಎರಡನೇದು, ಎಂದೆ.

ಮೀನುಪೇಟೆಯಲ್ಲಿ ಕೂತ ಮೂವತ್ತು ವರ್ಷ
ಆಯಿ ಹಗಲು ನೀರು ಕುಡಿದವಳಲ್ಲ.
ಕುಡಿದರೆ ಹೋಗಬೇಕು. ಹೋಗುವುದೆಲ್ಲಿ?
ನಾವದನ್ನು ಅವಳ ಸ್ವಭಾವ ಅಂದುಕೊಂಡಿದ್ದೆವು,
ಕೆಲವರಿಗೆ ಚಾ ಸೇರದ ಹಾಗೆ.

ಬುಟ್ಟಿ ಇಪ್ಪತ್ತೇಳನೇ ಗೂಡಿಗೆ ಹೋಯಿತು.
ಇಳಿದು ಬಂದಾಗ ಕೈ ಮೂಸಿಕೊಳ್ಳುತ್ತಿದ್ದಳು.
"ಸೋಪು ತಾನಾಗೇ ಬೀಳ್ತದೆ ಮಗಾ.
ಕನ್ನಡಿ ಅಂದ್ರೆ ಗೋಡೆಯಷ್ಟು.
ಇಷ್ಟು ಹಲ್ಲು ಹೋಗಿದ್ದು ನಂಗೇ ಗೊತ್ತಿರ್ಲಿಲ್ಲ."

ಮರುದಿನ ಜೊತೆಗೆ ಕುಸುಮಕ್ಕ.
ಆಮೇಲೆ ಬೈತಖೋಲದ ಇಬ್ಬರು,
ಆಮೇಲೆ ಬಸಳೆ ಮಾರುವ ಹಾಲಕ್ಕಿ ಹೊನ್ನಿ, ಕೊರಳ ತುಂಬ ಮಣಿಸರ.
ತಪಾಸಣೆಯ ಕಮಾನು ಕೂಗಲಿಲ್ಲ,
ಕೂಗಿದವನು ಪಕ್ಕದಲ್ಲಿ ನಿಂತ ಕಾವಲಿನ ಹುಡುಗ.
ಪೇಟೆಯ ಹೆಂಗಸರು ಮನೆಯಿಂದ ನೀರು ತರತೊಡಗಿದರು,
ಒಬ್ಬೊಬ್ಬರ ಪಕ್ಕದಲ್ಲೂ ಒಂದೊಂದು ಬಾಟಲಿ.

ಅಷ್ಟಕ್ಕೇ ನಿಂತಿದ್ದರೆ ನಡೆದುಹೋಗುತ್ತಿತ್ತೇನೋ.
ಆಯಿಯ ಹಳೇ ಗಿರಾಕಿ, ಕಾಜುಬಾಗದ ವಕೀಲರ ಹೆಂಡತಿ
ನೆಲಮಾಳಿಗೆಯಿಂದ ಮೇಲೆ ಬಂದರು,
ಥರ್ಮಾಕೋಲ್ ತಟ್ಟೆಯಲ್ಲಿ ಇಸವಾಣದ ತುಂಡು.
ನಮ್ಮ ಮುಂದೆ ಹತ್ತು ರೂಪಾಯಿಗೆ ಹತ್ತು ನಿಮಿಷ ಕೂರುವವರು
ಅಲ್ಲಿ ಯಂತ್ರ ಹೇಳಿದಷ್ಟು ಕೊಟ್ಟಿದ್ದರು.
ಅತ್ತಿತ್ತ ನೋಡಿ, ಮೆಲ್ಲಗೆ:
"ಶೇವಂತಿ, ತಾಜಾ ಇದೆಯೇನೇ?"

ಆಯಿ ತಿರುಗಿಸಿದಳು. ಪ್ಲಾಸ್ಟಿಕ್ಕಿನ ಮೇಲಿಂದ ಒತ್ತಿದಳು. ಮೂಸಿದಳು.
"ತಲೆಯೇ ಇಲ್ಲ ಬಾಯೀ,
ಯಾರ ಕಣ್ಣು ನೋಡಿ ಹೇಳ್ಲಿ?"

ಇಬ್ಬರೂ ನಕ್ಕರು. ನಗುತ್ತಲೇ
ನನ್ನ ಕಟ್ಟೆಯ ಮೇಲೆ ನಾಲ್ಕು ಬಂಗಡೆಯ ವ್ಯಾಪಾರ ಮುಗಿಯಿತು,
ಚೌಕಾಸಿ ಸಮೇತ.
ಮೇಲಿನ ಕ್ಯಾಮೆರಾ ನೋಡುತ್ತಿತ್ತು.
ಎದುರಿನ ಸೆಂಟಿನ ಅಂಗಡಿಯವರು ಮೂಗು ಮುಚ್ಚಿ
ಆಗಲೇ ಫೋನಿನಲ್ಲಿದ್ದರು.

ಮಾರನೆಯ ದಿನದ ಸೂಚನೆ:
ಹಸಿ ಪದಾರ್ಥ ಇಡತಕ್ಕದ್ದಲ್ಲ.
ಶೌಚಾಲಯ ಗ್ರಾಹಕರಿಗೆ ಮಾತ್ರ, ಬಿಲ್ಲು ತೋರಿಸುವುದು.
ಅಂಟಿಸಿದವಳು ನಾನೇ,
ಸೊಟ್ಟ ಆಗದ ಹಾಗೆ ದೂರ ನಿಂತು ನೋಡಿ.

ಆಯಿ ಬಂದಳು, ಓದಿಸಿಕೊಂಡಳು, ನೆಲಮಾಳಿಗೆಗೆ ಇಳಿದಳು.
ಐದು ರೂಪಾಯಿಯ ಪೆಪ್ಪರಮಿಂಟು ಕೊಂಡು
ಚೀಟಿ ಕೇಳಿ ಪಡೆದಳು.

ಆ ಚೀಟಿ ಈಗ ಪೇಟೆಯಲ್ಲಿ
ಸೊಂಟದಿಂದ ಸೊಂಟಕ್ಕೆ ಹೋಗುತ್ತಿದೆ.
ಒಬ್ಬಳು ಹೋಗಿ ಬರುವವರೆಗೆ ಅವಳ ಬುಟ್ಟಿಗೆ ಇನ್ನೊಬ್ಬಳು ಕಾವಲು.
ತಾರೀಖು ಉಪ್ಪುನೀರಿಗೆ ಅಳಿಸಿದೆ,
ಅಕ್ಷರದ ಮೇಲೆ ಹುರುಪೆ ಅಂಟಿದೆ.
ಕಾವಲಿನ ಹುಡುಗ ದಿನಾ ಅದನ್ನು ಬೆಳಕಿಗೆ ಹಿಡಿಯುತ್ತಾನೆ,
ಮೂಗಿನ ಹತ್ತಿರ ತಂದು ಬೇಗ ಹಿಂದೆ ಕೊಡುತ್ತಾನೆ.

ನಾನು ಆಗ ಬಿಲ್ಲೆ ಎಣಿಸುತ್ತಿರುತ್ತೇನೆ.
ಇಪ್ಪತ್ತೇಳನೇ ಗೂಡು ಎಷ್ಟು ಒರೆಸಿದರೂ ವಾಸನೆ.
ಯಾರಿಗೂ ಕೊಡುವಂತಿಲ್ಲ,
ನನ್ನ ನೀರಿನ ಬಾಟಲಿ ಇಟ್ಟುಕೊಂಡಿದ್ದೇನೆ.